ಸೇವೆ ಅಂತ ಕರೆದರೂ ಅದು ನೌಕರಿಯೇ

ಪ್ರಶ್ನೆ: ನನಗೆ 29 ವರ್ಷ. ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ಟೆಸ್ಟಿಂಗ್ ಕೆಲಸ. ತಿಂಗಳಿಗೆ ಕೈಗೆ 78 ಸಾವಿರ ಬರುತ್ತದೆ. ರಾಯಚೂರು ಜಿಲ್ಲೆಯ ಸರ್ಕಾರಿ ಶಾಲೆಗಳಲ್ಲಿ ಮಕ್ಕಳ ಓದಿನ ಬಗ್ಗೆ ಕೆಲಸ ಮಾಡುವ ಒಂದು ಸಂಸ್ಥೆ ನನ್ನನ್ನು ಕರೆದಿದೆ. ಸಂಬಳ 32 ಸಾವಿರವಂತೆ. ಸಂದರ್ಶನದಲ್ಲಿ ಸ್ವಲ್ಪ ಜಾಸ್ತಿ ಕೇಳಿದಾಗ, ‘ನೀವು ದುಡ್ಡಿಗೆ ಬರ್ತಿದ್ದೀರಾ, ಮಕ್ಕಳಿಗಾಗಿ ಬರ್ತಿದ್ದೀರಾ?’ ಅಂದರು. ನಾಚಿಕೆಯಾಗಿ ಸುಮ್ಮನಾದೆ. ಅಮ್ಮ ಬೇಡವೇ ಬೇಡ ಅನ್ನುತ್ತಾರೆ. ಇಂಥ ಸಂಸ್ಥೆಗಳ ಒಳಗೆ ಕೆಲಸ ನಿಜಕ್ಕೂ ಹೇಗಿರುತ್ತದೆ?

ಉತ್ತರ: ಮೊದಲು ಆ ನಾಚಿಕೆಯ ವಿಷಯ ಮುಗಿಸೋಣ. ಸಂಬಳ ಕೇಳಿದ್ದಕ್ಕೆ ನೀವು ತಲೆ ತಗ್ಗಿಸಬೇಕಿರಲಿಲ್ಲ. ‘ಎರಡಕ್ಕೂ ಬರ್ತಿದ್ದೀನಿ ಸರ್’ ಅಂದುಬಿಡಬಹುದಿತ್ತು. ಪ್ರಶ್ನೆ ಕೇಳಿದವರೂ ಸಂಬಳ ತಗೊಂಡೇ ಆ ಕುರ್ಚಿಯಲ್ಲಿ ಕೂತಿರುತ್ತಾರೆ, ಅಲ್ವಾ? ನಾನು 23 ವರ್ಷದಿಂದ ಇದೇ ಕೆಲಸದಲ್ಲಿದ್ದೇನೆ. ಹದಿನಾಲ್ಕು ವರ್ಷ ಫೀಲ್ಡ್, ಆಮೇಲೆ ಕಚೇರಿ, ಈಗ ಸಣ್ಣ ಸಂಸ್ಥೆಗಳಿಗೆ ಸಿಬ್ಬಂದಿ ಮತ್ತು ಲೆಕ್ಕಪತ್ರದ ವಿಷಯದಲ್ಲಿ ಸಲಹೆ ಕೊಡುತ್ತೇನೆ. ಆ ಪ್ರಶ್ನೆಯನ್ನು ನನಗೂ ಕೇಳಿದ್ದರು. ಹೇಳಿಕೊಳ್ಳಲು ಮುಜುಗರ, ಆದರೂ ಹೇಳುತ್ತೇನೆ: ಒಂದೆರಡು ಸಲ ನಾನೂ ಬೇರೆಯವರಿಗೆ ಕೇಳಿದ್ದೇನೆ. ಬಜೆಟ್ಟಿನಲ್ಲಿ ದುಡ್ಡಿಲ್ಲದಾಗ ಬಾಯಿಗೆ ಸಲೀಸಾಗಿ ಬರುವ ಮಾತು ಅದು.

ಹೋಗುವುದಾದರೆ ನೌಕರಿಗೆ ಅಂತ ಹೋಗಿ. ಸೇವೆಗೆ ಅಂತ ಹೊರಟವರು ಎರಡು ವರ್ಷಕ್ಕೆ ಸುಸ್ತಾಗಿ, ಮನಸ್ಸು ಕಹಿ ಮಾಡಿಕೊಂಡು ವಾಪಸ್ ಬಂದದ್ದನ್ನು ಬೇಕಾದಷ್ಟು ನೋಡಿದ್ದೇನೆ. ನೌಕರಿ ಅಂತ ಸೇರಿದವರು ಟಿಎ ಬಿಲ್ ಹಾಕುತ್ತಾರೆ, ಹಬ್ಬಕ್ಕೆ ರಜೆ ತಗೊಳ್ಳುತ್ತಾರೆ, ಇನ್‌ಕ್ರಿಮೆಂಟಿಗೆ ಜಗಳ ಆಡುತ್ತಾರೆ. ಹದಿನೈದು ವರ್ಷ ಅದೇ ತಾಲ್ಲೂಕಿನಲ್ಲಿ ಉಳಿದು ಜನರ ಉಪಯೋಗಕ್ಕೆ ಬಂದವರು ಹೆಚ್ಚಾಗಿ ಇವರೇ.

ಇನ್ನು ಕೆಲಸ ಹೇಗಿರುತ್ತದೆ ಅನ್ನುವುದು. ಒಂದು ರಾತ್ರಿಯ ಕತೆ ಹೇಳುತ್ತೇನೆ. 2004ರ ಸುಮಾರಿಗೆ ನಾನು ಲಿಂಗಸುಗೂರು ತಾಲ್ಲೂಕಿನಲ್ಲಿ ಮಹಿಳಾ ಸಂಘಗಳ ಕೆಲಸ ಮಾಡುತ್ತಿದ್ದೆ. ಸಂಘದ ಮೀಟಿಂಗ್ ಅಂದರೆ ರಾತ್ರಿ ಎಂಟೂವರೆಗೆ. ಹೊಲದಿಂದ ಬಂದು, ರೊಟ್ಟಿ ಬಡಿದು, ಮನೆಯವರಿಗೆಲ್ಲ ಊಟಕ್ಕೆ ಹಾಕಿದ ಮೇಲೇ ಅವರಿಗೆ ಬಿಡುವು. ಕೊನೆಯ ಬಸ್ಸು ಏಳಕ್ಕೇ ಹೋಗಿರುತ್ತಿತ್ತು. ನಾನು ಶಾಲೆಯ ಜಗಲಿಯಲ್ಲಿ ಮಲಗುತ್ತಿದ್ದೆ. ಅವತ್ತು ಕರೆಂಟ್ ಇರಲಿಲ್ಲ. ಗುಡಿ ಕಟ್ಟೆಯ ಮೇಲೆ ಲಾಟೀನು ಇಟ್ಟುಕೊಂಡು ಹದಿನಾರು ಜನ ಕೂತಿದ್ದರು. ನನ್ನ ಚೀಲದಲ್ಲಿ ಫಂಡರ್, ಅಂದರೆ ನಮ್ಮ ಸಂಸ್ಥೆಗೆ ದುಡ್ಡು ಕೊಡುವವರು, ಕಳಿಸಿದ್ದ ಆರು ಪುಟದ ಫಾರಂ ಇತ್ತು. ಮರುದಿನವೇ ತುಂಬಿ ಕಳಿಸಬೇಕಿತ್ತು. ಅದನ್ನು ತೆಗೆದ ಕೂಡಲೇ ಸಂಘದ ಅಧ್ಯಕ್ಷೆ, ‘ಸರ, ನಿಮ್ಮ ಹಾಳಿ ಆಮ್ಯಾಲ ತುಂಬ್ರಿ. ಮೊದಲ ನಮ್ಮ ಲೆಕ್ಕ ಮುಗಿಸೋಣು’ ಅಂದರು.

ಪೆಟ್ಟಿಗೆಯ ದುಡ್ಡಿಗೂ ಪುಸ್ತಕಕ್ಕೂ ತಾಳೆಯಾಗಲಿಲ್ಲ. 10 ರೂಪಾಯಿ ಕಡಿಮೆ. ನಾನು ಜೇಬಿಗೆ ಕೈ ಹಾಕಿದೆ. ‘ಬ್ಯಾಡ್ರಿ, ಹುಡುಕೋಣು’ ಅಂದರು. ನಲವತ್ತು ನಿಮಿಷ ಹುಡುಕಿದರು. ಯಾರು ಎಷ್ಟು ಕಟ್ಟಿದರು, ಯಾರ ಸಾಲದ ಕಂತು ಎಷ್ಟು ಬಂತು ಅಂತ ಒಬ್ಬೊಬ್ಬರದೇ ತೆಗೆದು ನೋಡಿದರು. ಕೊನೆಗೆ ಗೊತ್ತಾಯಿತು: ಹಿಂದಿನ ವಾರ ಹೊಸ ಠರಾವು ಪುಸ್ತಕಕ್ಕೆ 10 ರೂಪಾಯಿ ಕೊಟ್ಟಿದ್ದರು. ಅದನ್ನು ಬರೆಯಲು ಮರೆತಿದ್ದವನು ನಾನೇ! ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ ಹತ್ತೂವರೆಗೆ ನನ್ನ ಫಾರಂ ಹೊರಗೆ ಬಂತು. ‘ಸಂಘಕ್ಕೆ ಸೇರಿದ ಮೇಲೆ ನಿಮ್ಮ ಆತ್ಮವಿಶ್ವಾಸ ಎಷ್ಟು ಹೆಚ್ಚಿದೆ? 1ರಿಂದ 5ರೊಳಗೆ ಹೇಳಿ’ ಅಂತ ಒಂದು ಪ್ರಶ್ನೆ. ಆಕೆ ಆಕಳಿಸುತ್ತಾ, ‘ನಿಮಗ ಎಷ್ಟು ಬೇಕ್ರಿ? ಅಷ್ಟ ಬರ್ಕೋರಿ’ ಅಂದರು. ನಾನು 4 ಅಂತ ಬರೆದುಕೊಂಡೆ.

ನಿಜವಾದ ಕೆಲಸ ನಡೆದದ್ದು ಆ ನಲವತ್ತು ನಿಮಿಷದಲ್ಲಿ. ವರದಿಗೆ ಹೋದದ್ದು ಮಾತ್ರ ಆ 4. ಈ ಕೆಲಸದಲ್ಲಿ ಯಾವಾಗಲೂ ಇಬ್ಬರು ಯಜಮಾನರು. ಒಬ್ಬರು ಕಟ್ಟೆಯ ಮೇಲೆ ಕೂತಿರುತ್ತಾರೆ, ಇನ್ನೊಬ್ಬರು ದುಡ್ಡು ಕೊಟ್ಟಿರುತ್ತಾರೆ. ನಿಮ್ಮ ದಿನ ಇವರಿಬ್ಬರ ನಡುವೆ ಹಂಚಿಹೋಗುತ್ತದೆ. ನಿಮ್ಮ ವಿಷಯದಲ್ಲಿ ಕಟ್ಟೆಯ ಬದಲು ತರಗತಿ ಇರುತ್ತದೆ, ಕಾಗದದ ಬದಲು ಟ್ಯಾಬ್ ಇರುತ್ತದೆ. ಮೂರನೇ ಕ್ಲಾಸಿನ ಹುಡುಗಿಯ ಪಕ್ಕ ಕೂತು ಒತ್ತಕ್ಷರ ಓದಿಸಿ ಬಂದು, ರಾತ್ರಿ ನೆಟ್‌ವರ್ಕ್ ಸಿಗುವ ಮಾಳಿಗೆ ಹುಡುಕಿಕೊಂಡು ಹೋಗಿ ಎಂಟ್ರಿ ಹೊಡೆಯುತ್ತೀರಿ.

ಶಾಲೆಯಲ್ಲಿ ಶುರುವಿಗೆ ಯಾರೂ ಹಾರ ಹಾಕುವುದಿಲ್ಲ ಅನ್ನುವುದೂ ಗೊತ್ತಿರಲಿ. ಹೆಡ್‌ಮಾಸ್ಟರು ಇಂಥ ಸಂಸ್ಥೆಗಳನ್ನು ಎಷ್ಟೋ ನೋಡಿರುತ್ತಾರೆ. ಬಿಸಿಯೂಟದ ಲೆಕ್ಕ, ಮಕ್ಕಳ ವಿವರ ತುಂಬುವ ಸರ್ಕಾರಿ ಪೋರ್ಟಲ್ ಆದ ಎಸ್‌ಎಟಿಎಸ್ ಎಂಟ್ರಿ, ಚುನಾವಣೆ ಬಂದರೆ ಅದರ ಡ್ಯೂಟಿ ಎಲ್ಲ ಅವರ ತಲೆಯ ಮೇಲಿರುತ್ತದೆ. ಅದರ ಮಧ್ಯೆ ನೀವು ಬ್ಯಾಗು ಹಾಕಿಕೊಂಡು ‘ಹೊಸ ವಿಧಾನ’ ಅಂತ ಹೋದರೆ ಅವರಿಗೆ ಹೇಗನ್ನಿಸಬೇಡ? ಮೊದಲ ಮೂರು ತಿಂಗಳು ಸುಮ್ನೆ ಹೋಗಿ ಕೂತು ನೋಡಬೇಕು. ಟೀಚರ್ ರಜೆ ಇದ್ದ ದಿನ ಕ್ಲಾಸು ನೋಡಿಕೊಳ್ಳಬೇಕು. ಅವರೇ ಚಹಾ ತರಿಸಿ, ‘ಈ ಹುಡುಗಗ ಎಷ್ಟು ಹೇಳಿದ್ರೂ ತಲಿಗಿ ಹತ್ತವಲ್ದು, ನೀವ ನೋಡ್ರಿ ಒಂದೀಟು’ ಅಂದ ದಿನ ನಿಮ್ಮ ಕೆಲಸ ಶುರುವಾಯಿತು ಅಂತ ತಿಳಿಯಿರಿ.

ಈಗ ದುಡ್ಡಿನ ವಿಷಯ. ಸಂಬಳ ಯಾಕೆ ಕಡಿಮೆ, ಯಾಕೆ ಎಲ್ಲವೂ ಒಂದು ವರ್ಷದ ಕಾಂಟ್ರಾಕ್ಟು ಅನ್ನುವುದು ಅರ್ಥವಾದರೆ ಅರ್ಧ ಬೇಜಾರು ಕಡಿಮೆಯಾಗುತ್ತದೆ. ಜಿಲ್ಲೆಗಳಲ್ಲಿ ಇವತ್ತು ಬಹಳ ಸಂಸ್ಥೆಗಳು ನಡೆಯುತ್ತಿರುವುದು ಕಂಪನಿಗಳು ಸಮಾಜದ ಕೆಲಸಕ್ಕೆ ಕೊಡುವ ಸಿಎಸ್‌ಆರ್ ಹಣದಿಂದ. 2013ರ ಕಂಪನಿ ಕಾಯ್ದೆಯ ಪ್ರಕಾರ, ಇಷ್ಟು ದೊಡ್ಡ ಕಂಪನಿ ಅಂತ ಒಂದು ಮಿತಿ ಇದೆ. ವರ್ಷಕ್ಕೆ 5 ಕೋಟಿ ರೂಪಾಯಿ ನಿವ್ವಳ ಲಾಭ ಬಂದರೂ ಸಾಕು, ಆ ಮಿತಿಯೊಳಗೆ ಬಂದಹಾಗೆ. ಅಂಥ ಕಂಪನಿ ಹಿಂದಿನ ಮೂರು ವರ್ಷದ ಸರಾಸರಿ ಲಾಭದ ಶೇ 2ರಷ್ಟನ್ನು ಸಮಾಜದ ಕೆಲಸಕ್ಕೆ ಖರ್ಚು ಮಾಡಬೇಕು. 2014ರ ಏಪ್ರಿಲ್‌ನಿಂದ ಇದು ಜಾರಿಯಲ್ಲಿದೆ. ಒಳ್ಳೆಯದೇ. ಆದರೆ ಆ ಲೆಕ್ಕ ಮಾರ್ಚ್ 31ಕ್ಕೆ ಮುಗಿಯುತ್ತದೆ. ಒಂದು ವರ್ಷ ಮೀರಿ ನಡೆಯುವ ಯೋಜನೆಗೂ, ಶುರುವಾದ ವರ್ಷ ಬಿಟ್ಟು ಮೂರು ವರ್ಷದ ಮಿತಿ ಇದೆ. ಹಾಗಾಗಿ ನಿಮ್ಮ ನೌಕರಿಯ ಆಯಸ್ಸೂ ಅಷ್ಟೇ ಇರುತ್ತದೆ. ಕಂಪನಿಗಳಿಗೆ ಕಣ್ಣಿಗೆ ಕಾಣುವುದು ಬೇಕು. ಬೆಂಚು, ಟ್ಯಾಬ್, ಬಣ್ಣ ಹೊಡೆದ ಗೋಡೆ. ಸಂಬಳ ಫೋಟೋದಲ್ಲಿ ಬರುವುದಿಲ್ಲವಲ್ಲ!

ವಿದೇಶದ ದೇಣಿಗೆಗೆ ಬೇರೆ ಕಾನೂನು, ಎಫ್‌ಸಿಆರ್‌ಎ. 2020ರ ತಿದ್ದುಪಡಿಯಲ್ಲಿ ಆಡಳಿತದ ಖರ್ಚಿನ ಮಿತಿಯನ್ನು ಶೇ 50ರಿಂದ ಶೇ 20ಕ್ಕೆ ಇಳಿಸಿದರು. ಹಣ ಪಡೆದ ದೊಡ್ಡ ಸಂಸ್ಥೆ ಅದನ್ನು ಸಣ್ಣ ಸಂಸ್ಥೆಗೆ ದಾಟಿಸುವುದನ್ನೂ ನಿಲ್ಲಿಸಿದರು. ತಾಲ್ಲೂಕು ಮಟ್ಟದಲ್ಲಿ ಎಂಟು ಹತ್ತು ಜನ ಇಟ್ಟುಕೊಂಡು ನಡೆಯುತ್ತಿದ್ದ ಸಂಸ್ಥೆಗಳಿಗೆ ದೊಡ್ಡ ಏಟು ಬಿದ್ದದ್ದು ಈ ಎರಡನೆಯದರಿಂದ. ಸ್ವಂತ ನಿಧಿ ಇರುವ ಸಂಸ್ಥೆಗಳ ಕತೆ ಬೇರೆ. ನಿಮ್ಮದೇ ಕ್ಷೇತ್ರದಲ್ಲಿ, ಯಾದಗಿರಿ, ಕಲಬುರಗಿ ಕಡೆ ಸರ್ಕಾರಿ ಶಾಲೆಗಳ ಜೊತೆ ಕೆಲಸ ಮಾಡುವ ಅಜೀಂ ಪ್ರೇಮ್‌ಜಿ ಫೌಂಡೇಷನ್ ಅಂಥದ್ದು. ಅವರು ಪ್ರತಿ ಮಾರ್ಚಿನಲ್ಲೂ ಯಾರ ಬಾಗಿಲನ್ನೂ ತಟ್ಟಬೇಕಿಲ್ಲ. ನಿಮ್ಮನ್ನು ಕರೆದಿರುವ ಸಂಸ್ಥೆ ಯಾವ ಜಾತಿಯದು ಅಂತ ಮೊದಲು ತಿಳಿದುಕೊಳ್ಳಿ.

ಬಾಗಿಲು ತಟ್ಟುವ ಸಂಸ್ಥೆಯಲ್ಲಿ ನಾನೇ ಇದ್ದೆ. ಹೆಸರು ಬೇಡ. ಒಂದು ವರ್ಷ ಫಂಡರ್‌ನ ಎರಡನೇ ಕಂತು ಬರಲಿಲ್ಲ. ಮೂರು ತಿಂಗಳು ಸಂಬಳ ಆಗಲಿಲ್ಲ. ನಮ್ಮ ನಿರ್ದೇಶಕರು ಮೀಟಿಂಗ್ ಕರೆದು, ‘ನಾವೆಲ್ಲ ಒಂದು ಕುಟುಂಬ, ಸ್ವಲ್ಪ ಸಹಿಸಿಕೊಳ್ಳೋಣ’ ಅಂದರು. ಕೆಟ್ಟ ಮನುಷ್ಯ ಅಲ್ಲ, ಅವರೂ ಸಂಬಳ ತಗೊಳ್ಳಲಿಲ್ಲ. ಆದರೆ ಅವರಿಗೆ ಮೈಸೂರಿನಲ್ಲಿ ಸ್ವಂತ ಮನೆ ಇತ್ತು, ಹೆಂಡತಿ ಬ್ಯಾಂಕಿನಲ್ಲಿದ್ದರು. ಮೊದಲ ತಿಂಗಳಿಗೇ ಬಿಟ್ಟುಹೋದದ್ದು ಜೀಪ್ ಓಡಿಸುವವರು. ಎರಡನೇ ತಿಂಗಳಿಗೆ ಇಬ್ಬರು ಹುಡುಗಿಯರು ಹೋದರು. ಇಬ್ಬರೂ ಅದೇ ತಾಲ್ಲೂಕಿನವರು, ಅವರ ಮನೆಯಲ್ಲಿ ಡಿಗ್ರಿ ಮುಗಿಸಿದ ಮೊದಲಿಗರು. ಊರುಗಳ ಒಳಹೊರಗು ಅವರಷ್ಟು ನಮಗ್ಯಾರಿಗೂ ಗೊತ್ತಿರಲಿಲ್ಲ. ನಾನು ಉಳಿದೆ. ನಮ್ಮಪ್ಪನಿಗೆ ಪಿಂಚಣಿ ಬರುತ್ತಿತ್ತು, ಅದಕ್ಕೇ ಉಳಿದೆ. ಅವತ್ತು ಎಲ್ಲರೂ ನನ್ನನ್ನು ಬದ್ಧತೆ ಇರುವವನು ಅಂತ ಹೊಗಳಿದರು.

ಸಂಬಳ ಕೇಳುವುದು ತಪ್ಪು ಅನ್ನುವ ಮಾತಿನ ಮೇಲೆ ನನಗೆ ಸಿಟ್ಟು ಬರುವುದು ಇದಕ್ಕೇ. ಮನೆಯಲ್ಲಿ ಅನುಕೂಲ ಇದ್ದವರು ಮಾತ್ರ ಉಳಿಯುತ್ತಾರೆ. ಬಡತನದ ಬಗ್ಗೆ ಕೆಲಸ ಮಾಡುವ ಕಚೇರಿಯಲ್ಲಿ ಬಡತನ ಕಂಡವರೇ ಕಡಿಮೆಯಾಗುತ್ತಾ ಹೋಗುತ್ತಾರೆ.

ಈ ಮಾತಿನ ಹಿಂದೆ ಇನ್ನೊಂದು ಇದೆ. ನಮ್ಮ ರಾಜ್ಯದಲ್ಲಿ ಸಂಸ್ಥೆ ಕಟ್ಟಿದವರ ಕತೆಗಳು ಬಹಳ ದೊಡ್ಡವು. ಡಾ. ಎಚ್. ಸುದರ್ಶನ್ ಬಿಳಿಗಿರಿರಂಗನ ಬೆಟ್ಟಕ್ಕೆ ಹೋಗಿ ಸೋಲಿಗರ ನಡುವೆ ನಿಂತರು. 1981ರಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಶುರುವಾಯಿತು, 1994ರಲ್ಲಿ ಅವರಿಗೆ ರೈಟ್ ಲೈವ್ಲಿಹುಡ್ ಪ್ರಶಸ್ತಿ ಬಂತು. ಡಾ. ಆರ್. ಬಾಲಸುಬ್ರಹ್ಮಣ್ಯಂ ಮೈಸೂರಿನಲ್ಲಿ ವೈದ್ಯಕೀಯ ಓದುತ್ತಿದ್ದಾಗಲೇ ಗೆಳೆಯರ ಜೊತೆ 1984ರಲ್ಲಿ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಕಟ್ಟಿದರು, ಆಮೇಲೆ ಎಚ್.ಡಿ. ಕೋಟೆಯ ಕಾಡಂಚಿನ ಹಾಡಿಗಳಿಗೆ ಹೋದರು. ಇವನ್ನು ಕೇಳಿಯೇ ನನ್ನಂಥವರು ಈ ಕಡೆ ಬಂದದ್ದು. ನಾನು ಆ ಸಂಸ್ಥೆಗಳ ಬಗ್ಗೆ ಏನೂ ಹೇಳುತ್ತಿಲ್ಲ, ಕತೆಗಳು ಬೇರೆ ಕಡೆ ಹೇಗೆ ಬಳಕೆಯಾಗುತ್ತವೆ ಅಂತ ಹೇಳುತ್ತಿದ್ದೇನೆ. ಕಟ್ಟಿದವರ ತ್ಯಾಗವನ್ನೇ ಅಳತೆಗೋಲು ಮಾಡಿಕೊಂಡು ನಲವತ್ತನೆಯ ನೌಕರನನ್ನು ಅಳೆಯುತ್ತಾರೆ. ಕಟ್ಟಿದವರಿಗೆ ತೀರ್ಮಾನ ಅವರದೇ, ಹೆಸರೂ ಅವರದೇ. ನಿಮಗೆ ಎರಡೂ ಇಲ್ಲದೆ ತ್ಯಾಗ ಮಾತ್ರ ಪಾಲಿಗೆ ಬಂದರೆ ಹೇಗೆ?

ಇಷ್ಟೆಲ್ಲ ಹೇಳಿದ ಮೇಲೆ, ‘ಹಾಗಾದರೆ ನೀವ್ಯಾಕೆ 23 ವರ್ಷ ಇದ್ದೀರಿ?’ ಅಂತ ಕೇಳುತ್ತೀರಿ. ಕೇಳಲೇಬೇಕು.

ಆ 10 ರೂಪಾಯಿಯ ರಾತ್ರಿಯಂಥವು ತಿಂಗಳಿಗೆ ಒಂದೋ ಎರಡೋ ಸಿಗುತ್ತವೆ, ಅದಕ್ಕೆ. ದಿನಾ ಸಂತೃಪ್ತಿ ಸಿಗುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಬಾಕಿ ದಿನ ಬಸ್ಸು, ಬಿಸಿಲು, ಎಕ್ಸೆಲ್, ಬಿಇಒ ಕಚೇರಿಯ ಬೆಂಚು. ಆದರೆ ಒಂದು ಜಿಲ್ಲೆ ಹೇಗೆ ನಡೆಯುತ್ತದೆ ಅಂತ ಕೈಯಾರೆ ಗೊತ್ತಾಗುತ್ತದೆ. ಯಾವ ಅರ್ಜಿ ಯಾವ ಮೇಜಿನಲ್ಲಿ ನಿಲ್ಲುತ್ತದೆ, ಪಿಡಿಒ ಯಾವಾಗ ಕೈಗೆ ಸಿಗುತ್ತಾರೆ, ಮಳೆ ತಡವಾದರೆ ಯಾವ ಓಣಿಯ ಮಕ್ಕಳು ಶಾಲೆ ಬಿಟ್ಟು ಅಪ್ಪ ಅಮ್ಮನ ಜೊತೆ ಗುಳೆ ಹೋಗುತ್ತಾರೆ, ಎಲ್ಲವೂ. ಬೆಂಗಳೂರಿನ ಯಾವ ಕೆಲಸವೂ ನನಗೆ ಇದನ್ನು ಕಲಿಸುತ್ತಿರಲಿಲ್ಲ. ಜೊತೆಗೆ ಕೆಲಸ ಮಾಡಿದವರು ಇವತ್ತಿಗೂ ಮನೆಯವರಂತೆಯೇ ಇದ್ದಾರೆ. ‘ಕುಟುಂಬ’ ಅನ್ನುವ ಮಾತು ಮೀಟಿಂಗಿನಲ್ಲಿ ಸುಳ್ಳಾದರೂ ಜೀಪಿನಲ್ಲಿ ನಿಜ.

ಇನ್ನೊಂದು ಕಾರಣ, ನೀವು ಮಾಡಿದ್ದರ ಫಲ ನಿಮ್ಮ ಪ್ರಾಜೆಕ್ಟ್ ಮುಗಿದು ಎಷ್ಟೋ ವರ್ಷದ ಮೇಲೆ ಕಾಣುತ್ತದೆ. 1968ರಲ್ಲಿ ಶುರುವಾದ ಮೈರಾಡ ಅನ್ನುವ ಸ್ವಯಂಸೇವಾ ಸಂಸ್ಥೆಯ ಮೊದಲ ಕೆಲಸ ಟಿಬೆಟ್‌ನಿಂದ ಬಂದವರಿಗೆ ನೆಲೆ ಮಾಡಿಕೊಡುವುದು. 1980ರ ದಶಕದ ಮಧ್ಯದಲ್ಲಿ ಅವರು ಹಳ್ಳಿಗಳಲ್ಲಿ ಸಣ್ಣ ಉಳಿತಾಯ ಗುಂಪುಗಳ ಜೊತೆ ಕೆಲಸ ಶುರು ಮಾಡಿದರು. ಗುಂಪುಗಳನ್ನು ಬ್ಯಾಂಕಿಗೆ ಜೋಡಿಸುವ, ಗ್ರಾಮೀಣಾಭಿವೃದ್ಧಿ ಬ್ಯಾಂಕ್ ನಬಾರ್ಡ್‌ನ ಪ್ರಯೋಗ ಬಂದದ್ದು 1992ರಲ್ಲಿ. ಮಹಿಳಾ ಸಂಘಗಳನ್ನು ಕಟ್ಟುವ ನಮ್ಮ ಸರ್ಕಾರದ ಸ್ತ್ರೀಶಕ್ತಿ ಯೋಜನೆ 2000-01ರಲ್ಲಿ. ಅಂದರೆ ಹದಿನೈದು ವರ್ಷ ಹಿಡಿಯಿತು. ಆ ಮೊದಲ ಗುಂಪುಗಳ ಪುಸ್ತಕ ಬರೆದು ಕೊಟ್ಟ ಫೀಲ್ಡ್ ಸಿಬ್ಬಂದಿಯ ಕಾಂಟ್ರಾಕ್ಟು ಅಷ್ಟರಲ್ಲಿ ಎಷ್ಟು ಸಲ ಮುಗಿದಿರಬೇಡ! ಇದನ್ನು ಸಹಿಸಿಕೊಳ್ಳುವ ಸ್ವಭಾವ ನಿಮಗಿದೆಯೇ ಅಂತ ಯೋಚಿಸಿ. ಟೆಸ್ಟಿಂಗ್‌ನಲ್ಲಿ ಸಂಜೆಯೊಳಗೆ ಪಾಸೋ ಫೇಲೋ ಗೊತ್ತಾಗುತ್ತದೆ. ಇಲ್ಲಿ ಗೊತ್ತಾಗದೆಯೇ ಮುಂದೆ ಹೋಗಬೇಕು.

ನಿಮ್ಮ ವಿಷಯದಲ್ಲಿ ನನಗೆ ಒಂದು ಭಯವೂ ಇದೆ. ಬೆಂಗಳೂರಿನಿಂದ ಬಂದವರು, ಇಂಗ್ಲಿಷ್ ಬರುತ್ತದೆ, ಎಕ್ಸೆಲ್ ಬರುತ್ತದೆ. ಆರು ತಿಂಗಳಲ್ಲಿ ನಿಮ್ಮನ್ನು ಶಾಲೆಯಿಂದ ಎತ್ತಿ ಕಚೇರಿಯಲ್ಲಿ ಕೂರಿಸುತ್ತಾರೆ. ‘ಒಂದು ವರದಿ ಮಾಡಿಕೊಡಿ’ ಅಂತ ಶುರುವಾಗುತ್ತದೆ, ಆಮೇಲೆ ಪ್ರೊಪೋಸಲ್, ಆಮೇಲೆ ಫಂಡರ್ ವಿಸಿಟ್‌ಗೆ ಪಿಪಿಟಿ. ಮಕ್ಕಳಿಗಾಗಿ ಹೋದವರು ಪವರ್‌ಪಾಯಿಂಟಿನಲ್ಲಿ ಮಕ್ಕಳ ಫೋಟೋ ಅಂಟಿಸುತ್ತಾ ಕೂರುತ್ತೀರಿ. ಅದೂ ಬೇಕಾದ ಕೆಲಸವೇ, ಆದರೆ ನೀವು 46 ಸಾವಿರ ಬಿಟ್ಟು ಹೋಗುತ್ತಿರುವುದು ಅದಕ್ಕಲ್ಲ ಅಲ್ವಾ? ವಾರಕ್ಕೆ ಎಷ್ಟು ದಿನ ಶಾಲೆಯಲ್ಲಿ ಅಂತ ನೇಮಕಾತಿ ಪತ್ರದಲ್ಲೇ ಬರೆಸಿಕೊಳ್ಳಿ.

ಆ ಪತ್ರ ಬಂದಾಗ ಇನ್ನೂ ಕೆಲವು ನೋಡಬೇಕು. ನಿಮ್ಮನ್ನು ನೌಕರರು ಅಂತ ತಗೊಳ್ಳುತ್ತಿದ್ದಾರಾ, ‘ಕನ್ಸಲ್ಟೆಂಟ್’ ಅಂತಲಾ? ಈ ಪದ ಕೇಳಲು ದೊಡ್ಡದಾಗಿದೆ. ಆದರೆ ಕನ್ಸಲ್ಟೆಂಟ್ ಅಂದರೆ ಸಾಮಾನ್ಯವಾಗಿ ಶೇ 10 ಟಿಡಿಎಸ್ ಹಿಡಿಯುತ್ತಾರೆ, ಪಿಎಫ್ ಇಲ್ಲ, ಹೇಳಿಕೊಳ್ಳುವಂಥ ರಜೆ ಇಲ್ಲ. ಕೆಲಸ ಮಾತ್ರ ಒಂಬತ್ತರಿಂದ ಆರು. ಇಪ್ಪತ್ತು ಜನ ಸಿಬ್ಬಂದಿ ಇರುವ ಸಂಸ್ಥೆಯಾದರೆ ಪಿಎಫ್ ಯಾಕಿಲ್ಲ ಅಂತ ಕೇಳಿ. ಹತ್ತು ಜನರಿದ್ದರೆ ಲೈಂಗಿಕ ಕಿರುಕುಳದ ದೂರು ಕೇಳುವ ಆಂತರಿಕ ಸಮಿತಿ 2013ರ ಕಾಯ್ದೆಯ ಪ್ರಕಾರ ಇರಲೇಬೇಕು. ಅದರಲ್ಲಿ ಯಾರಿದ್ದಾರೆ ಅಂತ ಕೇಳಿದಾಗ ತಟ್ಟನೆ ಉತ್ತರ ಬರುತ್ತದೋ, ಮುಖ ಮುಖ ನೋಡಿಕೊಳ್ಳುತ್ತಾರೋ ಗಮನಿಸಿ. ಬೈಕಿಗೆ ಕಿಲೋಮೀಟರಿಗೆ ಎಷ್ಟು ಕೊಡುತ್ತಾರೆ ಅಂತಲೂ ಕೇಳಿ. ಇದು ಚಿಲ್ಲರೆ ವಿಷಯ ಅಲ್ಲ. ರಾಯಚೂರಿನಲ್ಲಿ ದಿನಕ್ಕೆ 60 ಕಿಲೋಮೀಟರ್ ಸುಲಭವಾಗಿ ಆಗುತ್ತದೆ. ಪೆಟ್ರೋಲಿನ ದುಡ್ಡು ಎರಡು ತಿಂಗಳು ತಡವಾದರೆ ನಿಮ್ಮ 32 ಸಾವಿರ 27 ಆಗಿರುತ್ತದೆ. ನೀತಿ ಆಯೋಗದ ಎನ್‌ಜಿಒ ದರ್ಪಣ್ ಪೋರ್ಟಲ್‌ನಲ್ಲಿ ಸಂಸ್ಥೆಯ ಹೆಸರು ಹುಡುಕಿ. ಎರಡು ವರ್ಷದ ಆಡಿಟ್ ವರದಿ ಕೇಳಿ. ಈ ಪ್ರಾಜೆಕ್ಟಿನ ಹಣ ಯಾರದು, ಯಾವ ತಿಂಗಳವರೆಗೆ ಅಂತ ಕೇಳಿ. ಒಳ್ಳೆಯ ಸಂಸ್ಥೆಯವರಿಗೆ ಇದರಿಂದ ಬೇಜಾರಾಗುವುದಿಲ್ಲ.

ನನಗೆ ಒಂದೇ ಪ್ರಶ್ನೆ ಕೇಳುವ ಅವಕಾಶ ಇದ್ದರೆ ನಿರ್ದೇಶಕರನ್ನು ಬಿಟ್ಟು ಅಲ್ಲಿನ ಫೀಲ್ಡ್ ಸಿಬ್ಬಂದಿಯನ್ನು ಕೇಳುತ್ತೇನೆ: ‘ಎಷ್ಟು ವರ್ಷದಿಂದ ಇದ್ದೀರಿ?’ ಐದಾರು ಜನರಲ್ಲಿ ಮೂವರಾದರೂ ಐದು ವರ್ಷ ದಾಟಿದ್ದರೆ ಧೈರ್ಯವಾಗಿ ಹೋಗಿ. ಎಲ್ಲರೂ ಕಳೆದ ವರ್ಷ ಬಂದವರಾದರೆ, ಹಿಂದಿನವರು ಎಲ್ಲಿ ಹೋದರು ಅಂತ ವಿಚಾರಿಸಿ.

ಅಮ್ಮನ ವಿಷಯ. ಅವರು ಹೆದರುತ್ತಿರುವುದು 32 ಸಾವಿರಕ್ಕೆ ಅಂತ ನನಗೆ ಅನ್ನಿಸುವುದಿಲ್ಲ. ಮಗ ಹೋದವನು ವಾಪಸ್ ಬಂದರೆ ಕೆಲಸ ಸಿಗುತ್ತದಾ ಅನ್ನುವುದೇ ಅವರ ಚಿಂತೆ ಇರಬೇಕು. ಎರಡು ವರ್ಷದ ಲೆಕ್ಕ ಹಾಕಿ ಅವರ ಮುಂದಿಡಿ. ಮನೆ ಸಾಲವೋ ಗಾಡಿ ಸಾಲವೋ ಇದ್ದರೆ ಅದನ್ನು ತೀರಿಸಿಯೇ ಹೊರಡಿ, ಆರು ತಿಂಗಳ ಖರ್ಚು ಬ್ಯಾಂಕಿನಲ್ಲಿರಲಿ. ಎರಡು ವರ್ಷದ ಮೇಲೆ ಕಂಪನಿಗೆ ವಾಪಸ್ ಹೋದವರು ನನಗೆ ಗೊತ್ತು. ಸ್ವಲ್ಪ ಹಿಂದಿನ ಸಂಬಳಕ್ಕೆ ಸೇರಿದರು, ಆದರೆ ಸೇರಿದರು. ಮತ್ತೆ, ‘ಸಮಾಜಸೇವೆಗೆ ಹೋಗ್ತೀನಿ’ ಅಂತ ಅಮ್ಮನಿಗೆ ಹೇಳಬೇಡಿ. ‘ರಾಯಚೂರಲ್ಲಿ ಕೆಲಸ ಸಿಕ್ಕಿದೆ, ಪಿಎಫ್ ಇದೆ’ ಅನ್ನಿ.

ಆದರೆ ರಾಜೀನಾಮೆ ಇವತ್ತೇ ಕೊಡಬೇಡಿ. ಕಂಪನಿಯಲ್ಲಿ ಒಂದು ವಾರ ರಜೆ ಹಾಕಿ. ನಿಮ್ಮ ಖರ್ಚಿನಲ್ಲೇ ಹೋಗಿ, ಅವರ ಫೀಲ್ಡ್ ಸಿಬ್ಬಂದಿಯ ಜೊತೆ ನಾಲ್ಕು ದಿನ ಇರಿ, ಕಚೇರಿಗೆ ಹೋಗಬೇಡಿ. ಬೆಳಿಗ್ಗೆ ಅವರ ಜೊತೆಯೇ ಬಸ್ಸು ಹತ್ತಿ, ರಾತ್ರಿ ಅವರು ಎಂಟ್ರಿ ಹೊಡೆಯುವಾಗ ಪಕ್ಕದಲ್ಲಿ ಕೂತು ನೋಡಿ. ಮೇ ತಿಂಗಳಲ್ಲಿ ಹೋದರೆ ಶಾಲೆಗೆ ರಜೆ ಇರುತ್ತದೆ, ಬರೀ ಬಿಸಿಲು ನೋಡಿ ಬರುತ್ತೀರಿ. ಜುಲೈನಲ್ಲಿ ಹೋಗಿ.